ಹಾಂಗ್‌ಕಾಂಗ್ ಚೀಟಿಗೆ ಅರಿಶಿನ ಕುಂಕುಮ

ಅರಸೀಕೆರೆ

ಬೇಲೂರಿನ ರೈಲು ಯಾವ ಪ್ಲಾಟ್‌ಫಾರಂಗೆ ಬರುತ್ತದೆ ಎಂದು ಅರಸೀಕೆರೆ ಜಂಕ್ಷನ್ನಿನಲ್ಲಿ ಕೇಳುವವರು ಈಗಲೂ ಇದ್ದಾರೆ. ಬೆನ್ನಿಗೆ ದೊಡ್ಡ ಚೀಲ ಬಿಗಿದುಕೊಂಡು, ಬಿಸಿಲಿಗೆ ಮೂಗು ಕೆಂಪಾದ ಪರದೇಶದವರು. ನಮ್ಮ ಮನೆ ಸ್ಟೇಷನ್ನಿಗೆ ಹತ್ತಿರ. ಹಾಲಿಗೋ ಸೊಪ್ಪಿಗೋ ಹೋದಾಗ ನನ್ನನ್ನೇ ಎಷ್ಟೋ ಸಲ ಕೇಳಿದ್ದಾರೆ. ರೈಲು ಇಲ್ಲ, ಬಸ್ ಸ್ಟ್ಯಾಂಡಿಗೆ ಹೋಗಿ, ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿ, ಮೊದಲು ಹಳೇಬೀಡು ಸಿಗುತ್ತದೆ, ಆಮೇಲೆ ಬೇಲೂರು ಎಂದು ನನಗೆ ಬರುವ ಇಂಗ್ಲಿಷಿನಲ್ಲಿ ಅರ್ಧ, ಕೈಯಲ್ಲಿ ಅರ್ಧ ಹೇಳುತ್ತೇನೆ. ಅವರು ಪೆಚ್ಚಾಗಿ ನಗುತ್ತಾರೆ. ಹೋದ ಚಳಿಗಾಲದಲ್ಲಿ ಹಾಂಗ್‌ಕಾಂಗಿಗೆ ಹೋಗಿ ಹಾಗೇ ಪೆಚ್ಚಾಗಿ ನಗುವ ಸರದಿ ನನ್ನದಾಯಿತು. ಆದರೆ ಅದಕ್ಕೆ ಮೊದಲು ನನ್ನ ಸೋದರಮಾವನ ವಿಷಯ ಹೇಳಬೇಕು. ಹೋಗಿ ಬಂದವರು ನಾವಾದರೂ ಆ ಪ್ರವಾಸ ಅರ್ಧಕ್ಕಿಂತ ಹೆಚ್ಚು ಅವರದೇ.

ಸಿದ್ಧಲಿಂಗ ಮಾವ ನನ್ನ ಅಮ್ಮನ ತಮ್ಮ. ಮನೆ ಬೇಲೂರಿನಲ್ಲಿ. ಮೀಸೆ ಚಿಗುರುವ ವಯಸ್ಸಿನಿಂದ ಬೇಲೂರು, ಹಳೇಬೀಡಿನ ದೇವಸ್ಥಾನಗಳಲ್ಲಿ ಗೈಡ್ ಕೆಲಸ. ಮಳೆಯಿರಲಿ ಬಿಡಲಿ, ಕೈಯಲ್ಲಿ ಒಂದು ಕಪ್ಪು ಕೊಡೆ. ಅದರ ತುದಿಯಿಂದಲೇ ಒಂದೊಂದು ವಿಗ್ರಹ ತೋರಿಸುವರು. ಊರಿಗೆ ಮರಳಿದ ಪ್ರವಾಸಿಗರು ಅವರ ಜೊತೆ ತೆಗೆಸಿಕೊಂಡ ಫೋಟೋಗಳನ್ನು ಅಂಚೆಯಲ್ಲಿ ಕಳಿಸುತ್ತಿದ್ದ ಕಾಲ ಒಂದಿತ್ತು. ಫೋಟೋವನ್ನು ರುದ್ರಮ್ಮತ್ತೆ ಗೋಡೆಗೆ ಅಂಟಿಸುವರು, ಲಕೋಟೆಯ ಮೇಲಿನ ಅಂಚೆಚೀಟಿ ಮಾವನ ಪಾಲು. ಹಾಗೆ ಶುರುವಾದ ಹುಚ್ಚು ಬರಬರುತ್ತ ರೈಲಿನ ಚಿತ್ರವಿರುವ ಚೀಟಿಗಳಿಗೇ ಬಂದು ನಿಂತಿತು.

ಕಾರಣ ಇದೆ. ಬೇಲೂರಿಗೆ ರೈಲು ಬರುತ್ತದಂತೆ ಎಂಬ ಮಾತು ಮಾವ ಚಿಕ್ಕವರಿದ್ದಾಗಿನಿಂದಲೂ ಇದೆ. ಒಂದು ಸಲ ಅಳತೆಯವರು ಬಂದು ಅವರ ಹಿತ್ತಿಲ ಬೇಲಿಯ ಪಕ್ಕದಲ್ಲಿ ಕಲ್ಲನ್ನೂ ನೆಟ್ಟು ಹೋದರು. ಕಲ್ಲು ಈಗಲೂ ಅಲ್ಲೇ ಇದೆ. ನೆಟ್ಟ ಕಲ್ಲು ಎಂದ ಮೇಲೆ ರುದ್ರಮ್ಮತ್ತೆಗೆ ಅದು ದೇವರೇ. ಹಬ್ಬಕ್ಕೆ, ಅಮಾವಾಸ್ಯೆಗೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಒಂದು ಹೂವಿಡುತ್ತಾರೆ.

"ಅದು ಸರ್ವೆ ಕಲ್ಲು ಕಣೇ, ಅದಕ್ಕೆಂಥ ಪೂಜೆ?" ಎಂದು ಮಾವ ರೇಗುವರು.

"ಇರ್ಲಿ ಬಿಡಿ. ಪೂಜೆ ಕಂಡ ಕಲ್ಲನ್ನ ಯಾರೂ ಕೀಳಕಿಲ್ಲ" ಎನ್ನುವುದು ಅತ್ತೆಯ ಉತ್ತರ.

ಮಾವನದೂ ಒಂದು ಹರಕೆಯಿತ್ತು. ಬೇಲೂರಿಗೆ ರೈಲು ಬಂದ ದಿನವೇ ತಾವು ರೈಲು ಹತ್ತುವುದು, ಅಲ್ಲಿಯವರೆಗೆ ಹತ್ತುವುದಿಲ್ಲ ಎಂದು ಹರೆಯದಲ್ಲಿ ಗೆಳೆಯರ ಮುಂದೆ ಆಡಿದ ಮಾತು. ಗೆಳೆಯರು ಮರೆತರು, ಮಾವ ಮರೆಯಲಿಲ್ಲ. ಬೆಂಗಳೂರಿಗೆ, ಧರ್ಮಸ್ಥಳಕ್ಕೆ, ಎಲ್ಲಿಗೇ ಆದರೂ ಬಸ್ಸು. ಆದರೆ ನಮ್ಮ ಮನೆಗೆ ಬಂದರೆ ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಂಡು ಕಲ್ಲುಬೆಂಚಿನ ಮೇಲೆ ಕೂತು, ಬರುವ ಹೋಗುವ ಗಾಡಿಗಳನ್ನೆಲ್ಲ ನೋಡಿಕೊಂಡೇ ವಾಪಸಾಗುವರು.

ಈ ಸಲ ಹಾಸನದಲ್ಲಿ ನಡೆಯುವ ಅಂಚೆಚೀಟಿ ಪ್ರದರ್ಶನದಲ್ಲಿ ಮಾವನಿಗೆ ಚೀಟಿಗಳನ್ನು ಜೋಡಿಸಿಡಲು ಒಂದು ಚೌಕಟ್ಟು ಕೊಟ್ಟಿದ್ದರು. ಎಷ್ಟೋ ಸಲ ಅರ್ಜಿ ಹಾಕಿದ ಮೇಲೆ ಸಿಕ್ಕಿದ್ದು. ಊರೂರಿಗೆ ರೈಲು ಬಂದ ಬಗೆಯನ್ನು ಚೀಟಿಗಳಲ್ಲೇ ತೋರಿಸುವುದು ಅವರ ಯೋಚನೆ. ಸುತ್ತಲಿನ ಜಾಗಗಳೆಲ್ಲ ತುಂಬಿದ್ದವು. ನಟ್ಟನಡುವೆ ಒಂದು ಜಾಗ ಖಾಲಿ. ಹಾಂಗ್‌ಕಾಂಗಿನವರು ಹೊಸ ವಿಮಾನ ನಿಲ್ದಾಣವನ್ನೂ ಅಲ್ಲಿಗೆ ಓಡುವ ವೇಗದ ರೈಲನ್ನೂ ಶುರುಮಾಡಿದಾಗ ಹೊರಡಿಸಿದ್ದ ಚೀಟಿಗಳ ಹಾಳೆ ಅಲ್ಲಿಗೆ ಬರಬೇಕಿತ್ತು. ಮಾವ ಅದನ್ನು ಕಂಡದ್ದು ಯಾವುದೋ ಪುಸ್ತಕದ ಜೆರಾಕ್ಸ್ ಪುಟದಲ್ಲಿ, ಕಪ್ಪು ಬಿಳುಪಿನಲ್ಲಿ ಮಾತ್ರ.

"ನೋಡು ಪುಟ್ಟಿ," ಎಂದರು ಆ ಪುಟ ನನ್ನ ಕೈಗಿಟ್ಟು. ಮೊಮ್ಮಗಳನ್ನು ಎತ್ತಿದ ಮೇಲೂ ಅವರಿಗೆ ನಾನು ಪುಟ್ಟಿಯೇ. "ವಿಮಾನ ಇಳಿಯೋಕೆ ಜಾಗ ಮಾಡ್ತಾ ಮಾಡ್ತಾನೇ ರೈಲೂ ಹಾಕವ್ರೆ. ಬಾಗಿಲು ತೆಗೆಯೋ ಹೊತ್ತಿಗೆ ಬಾಗಿಲಲ್ಲಿ ರೈಲು ರೆಡಿ. ಇದನ್ನ ನಡುವೆ ಇಟ್ಟುಬಿಟ್ರೆ ನಾನು ಬಾಯಿ ಬಿಟ್ಟು ಏನೂ ಹೇಳಬೇಕಾಗಿಲ್ಲ."

ನಮ್ಮ ಮನೆಯವರು ಶಂಕ್ರಪ್ಪ, ಕೊಬ್ಬರಿ ವ್ಯಾಪಾರ. ವರ್ತಕರೆಲ್ಲ ಸೇರಿ ಹಾಂಗ್‌ಕಾಂಗಿಗೆ ಟೂರು ಹೊರಟಾಗ ನಾವೂ ಹೆಸರು ಕೊಟ್ಟೆವು. ಬನ್ನಿ ಎಂದು ಮಾವನನ್ನೂ ಕರೆದದ್ದುಂಟು. ಅಲ್ಲಿ ರೈಲು ಹತ್ತದೆ ಇರಲಾಗುವುದಿಲ್ಲ, ಹರಕೆ ಮುರಿಯುತ್ತದೆ ಎಂದು ಅವರು ಒಪ್ಪಲಿಲ್ಲ. ನಮ್ಮನ್ನು ಕಳಿಸಲು ಬಸ್ಸಿನಲ್ಲಿ ಅರಸೀಕೆರೆಗೆ ಬಂದು ರೈಲಿನ ಕಿಟಕಿಯ ಹತ್ತಿರ ನಿಂತರು.

"ಎರಡೇ ಕೆಲಸ ಶಂಕ್ರಪ್ಪ. ಒಂದು, ಹಾಳೆ. ಮಡಿಕೆ ಬೀಳಬಾರದು, ಕಲೆ ಆಗಬಾರದು. ಕಲೆಯಿದ್ರೆ ಹಾಸನದಲ್ಲಿ ಒಳಗೇ ಬಿಡಲ್ಲ. ಎರಡು, ನೀವಿಬ್ರೂ ಆ ರೈಲಲ್ಲಿ ಕೂರಬೇಕು. ಕಿಟಕಿಯಲ್ಲಿ ಏನ್ ಕಾಣ್ತದೆ, ಬ್ರಿಜ್ಜಿನ ಮೇಲೆ ಹೆಂಗೆ ಸದ್ದು ಮಾಡ್ತದೆ, ಎಲ್ಲ ನೋಡ್ಕಂಡು ಬಂದು ನನಗೆ ಹೇಳ್ಬೇಕು."

"ಆಯ್ತು ಮಾವ. ಚೀಟಿ ಏನು, ರೈಲನ್ನೇ ಕಟ್ಟಿಸ್ಕಂಡು ಬತ್ತೀವಿ ಬಿಡಿ" ಎಂದರು ಇವರು.

ಗಾಡಿ ಹೊರಟಿತು. ಮಾವ ಕೊಡೆಯೆತ್ತಿ ತೋರಿಸುತ್ತ ನಿಂತಿದ್ದರು.

ಬಸ್ಸಿನಲ್ಲಿ ಊರೊಳಕ್ಕೆ

ವಿಮಾನ ಸಮುದ್ರಕ್ಕೇ ಇಳಿಯುತ್ತಿದೆ ಎಂದು ನಾನು ಕಣ್ಣುಮುಚ್ಚಿಕೊಂಡೆ. ಬಿಟ್ಟರೆ ನೆಲ. ನಿಲ್ದಾಣದ ಒಳಗೆ ಎಷ್ಟು ನಡೆದರೂ ಮುಗಿಯದು. ಹಳೇಬೀಡಿನ ಗುಡಿಯನ್ನು ಸುತ್ತುವಾಗ ಆನೆಯ ಸಾಲು ಮುಗಿಯಿತು ಎನ್ನುವಷ್ಟರಲ್ಲಿ ಮೂಲೆ ತಿರುಗಿದರೆ ಮತ್ತೆ ಆನೆಗಳಿರುತ್ತವಲ್ಲ, ಹಾಗೆ ಗಾಜು, ಮತ್ತೆ ಗಾಜು. ತಾನಾಗಿ ಸಾಗುವ ನೆಲದ ಮೇಲೆ ಇವರು ಚಪ್ಪಲಿ ಬಿಟ್ಟು ಹತ್ತಲು ಹೋದರು. ನಾನು ತಡೆದೆ.

ಎದುರಿಗೇ ರೈಲಿನ ಬಾಗಿಲು ಕಂಡಿತು. ಕಂಡಿತು ಎಂದರೆ ಸುಳ್ಳಲ್ಲ, ಮಕ್ಕಳ ಗಾಡಿ ತಳ್ಳುವಷ್ಟು ಸಲೀಸಾಗಿ ಜನ ಪೆಟ್ಟಿಗೆ ತಳ್ಳಿಕೊಂಡು ಅದರೊಳಗೆ ಹೋಗುತ್ತಿದ್ದರು. ಮೆಟ್ಟಿಲು ಹತ್ತುವುದಿಲ್ಲ, ಇಳಿಯುವುದಿಲ್ಲ, ಕೂಲಿಯನ್ನು ಕೂಗುವುದಿಲ್ಲ. ನಾನು ಇವರ ತೋಳು ಜಗ್ಗಿದೆ. ಅಷ್ಟರಲ್ಲಿ ನಮ್ಮ ಗುಂಪಿನ ಗೈಡ್ ಬಂದಳು. ವಿನ್ನಿ ಎಂದು ಹೆಸರು ಹೇಳಿಕೊಂಡಳು. ಗಿಡ್ಡನೆಯ, ಚುರುಕು ಕಾಲಿನ ಹೆಂಗಸು. ಅವಳ ಕೈಯಲ್ಲೂ ಒಂದು ಕೊಡೆ! ಹಳದಿ ಬಣ್ಣದ್ದು. ಅದನ್ನು ಎತ್ತಿ ಹಿಡಿದು ನಮ್ಮನ್ನೆಲ್ಲ ಕುರಿ ಹೊಡೆದಂತೆ ಹೊಡೆದುಕೊಂಡು ಹೋಗಿ ಟೂರಿನ ಬಸ್ಸಿಗೆ ಹತ್ತಿಸಿದಳು.

ನಾನು ರೈಲಿನ ಕಡೆ ಕೈ ತೋರಿಸಿದೆ. ಅವಳು ನಕ್ಕು, ಬಸ್ಸು ಎಲ್ಲರಿಗೂ ಸೇರಿ ಬಂದಿದೆ, ವಾಪಸ್ ಹೋಗುವ ದಿನ ಬೇಕಾದರೆ ನೀವಿಬ್ಬರೇ ರೈಲಿನಲ್ಲಿ ಹೋಗಿ, ನಿಲ್ದಾಣದಲ್ಲಿ ಸಿಗೋಣ ಎಂದಳು. ಸರಿ ಎನ್ನಿಸಿತು. ಹೊಸ ಊರಿನಲ್ಲಿ ಬಂದ ದಿನವೇ ಗುಂಪು ಬಿಡುವುದು ಬೇಡ ಎಂದು ನಾನೇ ಸಮಾಧಾನ ಹೇಳಿಕೊಂಡೆ. ಆ ಬಾಗಿಲು ಹತ್ತು ಹೆಜ್ಜೆ ದೂರದಲ್ಲಿತ್ತು. ಈಗ ನೆನೆದರೆ ಕೈ ಕೈ ಹಿಸುಕಿಕೊಳ್ಳುವ ಹಾಗಾಗುತ್ತದೆ.

ಊರು ಮೇಲಕ್ಕೆ ಬೆಳೆದ ಊರು. ನಮ್ಮಲ್ಲಿ ತೆಂಗಿನಮರವನ್ನು ತಲೆಯೆತ್ತಿ ನೋಡುತ್ತೇವೆ, ಅಲ್ಲಿ ಮನೆಗಳನ್ನು ಹಾಗೆ ನೋಡಬೇಕು. ಇಷ್ಟು ಎತ್ತರದ ಕಟ್ಟಡಗಳಿಗೂ ಬಿದಿರಿನ ಸಾರುವೆಯನ್ನೇ ಕಟ್ಟಿದ್ದರು. ಅದನ್ನು ನೋಡಿ ಇವರಿಗೆ ಊರಿನವರೇ ಯಾರೋ ಸಿಕ್ಕಷ್ಟು ಸಂತೋಷ.

"ನೋಡೇ, ಇವ್ರೂ ಬೊಂಬಲ್ಲೇ ಕಟ್ಟವ್ರೆ. ನಾವೇನು ಕಮ್ಮಿ ಇಲ್ಲ ಕಣೇ."

ಚೀಟಿ ಅಂಗಡಿ

ಮಾರನೆಯ ದಿನ ಗುಂಪಿನವರು ಗಡಿಯಾರ, ಬ್ಯಾಗುಗಳ ಪೇಟೆಗೆ ಹೊರಟರು. ನಾವು ವಿನ್ನಿಗೆ ಮಾವನ ಜೆರಾಕ್ಸ್ ತೋರಿಸಿದೆವು. ಅವಳು ಅದನ್ನು ಬಹಳ ಹೊತ್ತು ನೋಡಿ, ತಾನು ಶಾಲೆಗೆ ಹೋಗುತ್ತಿದ್ದಾಗ ವಿಮಾನಗಳು ಊರಿನ ನಡುವೆಯೇ, ಬಟ್ಟೆ ಒಣಗಿಸಿದ ಮಹಡಿಗಳ ಮೇಲೇ ಇಳಿಯುತ್ತಿದ್ದವು ಎಂದಳು. ವಿಮಾನ ಬಂದಾಗ ಮೇಷ್ಟರು ಪಾಠ ನಿಲ್ಲಿಸುತ್ತಿದ್ದರಂತೆ. ಹೊಸ ನಿಲ್ದಾಣವಾದ ಮೇಲೆ ಸದ್ದಿಲ್ಲದೆ ನಿದ್ದೆ ಬರಲಿಲ್ಲವೆಂದು ಅವಳ ಅಜ್ಜಿ ಗೊಣಗುತ್ತಿದ್ದರಂತೆ. ನಮ್ಮ ಮನೆಯಲ್ಲೂ ಅದೇ ಕತೆ, ಗೂಡ್ಸ್ ಗಾಡಿ ಕೂಗದಿದ್ದರೆ ಇವರಿಗೆ ನಿದ್ದೆಯಿಲ್ಲ ಎಂದೆ. ಅವಳು ಬಾಯಿಗೆ ಕೈಯಡ್ಡ ಹಿಡಿದು ನಕ್ಕಳು.

ಅವಳು ಕರೆದುಕೊಂಡು ಹೋದದ್ದು ಹಳೆಯ ಕಟ್ಟಡವೊಂದರ ಮಾಳಿಗೆಗೆ. ಸಾಲಾಗಿ ಗೂಡಿನಂಥ ಅಂಗಡಿಗಳು, ಎಲ್ಲ ಹಳೆಯ ನಾಣ್ಯ, ಹಳೆಯ ಚೀಟಿಗಳವು. ಒಂದು ಅಂಗಡಿಯಲ್ಲಿ ಬನಿಯನ್ ತೊಟ್ಟ ಮುದುಕರೊಬ್ಬರು ಬಟ್ಟಲಿನಿಂದ ಗಂಜಿಯಂಥದೇನನ್ನೋ ಸೊರಸೊರ ಹೀರುತ್ತ ಕೂತಿದ್ದರು. ಕಾಲ ಬಳಿ ನೆಲದ ಮೇಲೇ ಪುಟ್ಟ ಕೆಂಪು ಗೂಡು, ಒಳಗೆ ಒಂದು ದೇವರು, ಮುಂದೆ ಕಿತ್ತಳೆ ಹಣ್ಣು, ಊದುಬತ್ತಿ. ದೇವರನ್ನು ನೆಲದಲ್ಲಿ ಕೂರಿಸಿದ್ದಾರಲ್ಲ ಎಂದು ನನಗೆ ಕಸಿವಿಸಿ. ಇವರು ಆಗಲೇ ಚಪ್ಪಲಿ ಬಿಟ್ಟು ಕೈಮುಗಿದಾಗಿತ್ತು.

ಮುದುಕರು ಜೆರಾಕ್ಸ್ ನೋಡಿದರು. ಬಟ್ಟಲು ಪಕ್ಕಕ್ಕಿಟ್ಟು, ಕೈ ತೊಳೆದು, ಟವೆಲ್ಲಿನಿಂದ ಒಂದೊಂದು ಬೆರಳನ್ನೂ ಒರೆಸಿಕೊಂಡು, ಆಮೇಲೆ ಖಾನೆಗಳನ್ನು ಎಳೆಯತೊಡಗಿದರು. ಅವಸರವೇ ಇಲ್ಲ. ಕೊನೆಗೆ ಚಿಮಟದಲ್ಲಿ ಹಿಡಿದು ಹೊರತೆಗೆದರು.

ಬಣ್ಣದಲ್ಲಿ ನಾವು ಅದನ್ನು ಮೊದಲು ಕಂಡದ್ದು ಆಗ. ಮೇಲೆ ಸಮುದ್ರದ ಪಕ್ಕ ಹಕ್ಕಿ ರೆಕ್ಕೆ ಬಿಚ್ಚಿದ ಹಾಗೆ ನಿಲ್ದಾಣದ ಮಾಡು. ಕೆಳಗೆ ಸೇತುವೆ. ಒಂದು ಚೀಟಿಯಲ್ಲಿ ಉಗುರಿನಷ್ಟು ಉದ್ದದ ರೈಲು, ಮೂಗು ಚೂಪು, ಕಿಟಕಿಗಳು ಅಕ್ಕಿಕಾಳಿನ ಸಾಲಿನಂತೆ. ಒಂದು ಚುಕ್ಕೆ ಕಲೆಯಿಲ್ಲ. ಮುದುಕರು ಅದನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು, ಎರಡೂ ಕೈಯಲ್ಲಿ ಹಿಡಿದು, ತಲೆ ಬಾಗಿಸಿ ಕೊಟ್ಟರು. ಇದೊಂದೇ ಉಳಿದಿದ್ದುದು ಎಂದು ವಿನ್ನಿಯ ಮೂಲಕ ಹೇಳಿಸಿದರು.

ಆ ಸಂಜೆ ನಾವು ಅದನ್ನು ಹೋಟೆಲ್ಲಿನ ಮೇಜಿನ ಮೇಲಿಟ್ಟು ಚಟ್ನಿಪುಡಿ ಚಪಾತಿ ತಿಂದೆವು. ಎಣ್ಣೆ ಕೈ ಸೋಕೀತು ಎಂದು ನಾನು ಅದನ್ನು ದೂರದ ಕಪಾಟಿನ ಮೇಲಕ್ಕೆ ಸರಿಸಿದೆ. ಎಲ್ಲ ಜಾಗ್ರತೆಯನ್ನೂ ಮಾಡಿದ್ದೆ ನಾನು.

ಶುಕ್ರವಾರ

ಬೆಳಿಗ್ಗೆ ಸ್ನಾನ ಮುಗಿಸಿ ಹೊರಬಂದೆ. ಇವರು ಮಡಿಯುಟ್ಟು, ಹಣೆಗೆ ವಿಭೂತಿ ಧರಿಸಿ, ಕಿಟಕಿಯ ಬಳಿ ಟವೆಲ್ ಹಾಸಿಕೊಂಡು ಪೂಜೆಗೆ ಕೂತಿದ್ದರು. ಎಲ್ಲಿಗೆ ಹೋದರೂ ಇದು ತಪ್ಪುವುದಿಲ್ಲ. ನನ್ನ ಕುಂಕುಮದ ಡಬ್ಬಿ, ಅರಿಶಿನದ ಡಬ್ಬಿ ಎರಡೂ ಅವರ ಮುಂದೆ ತೆರೆದಿದ್ದವು. ಟೀ ಲೋಟದ ತಟ್ಟೆಯಲ್ಲಿ ಅರಿಶಿನ ಕಲಸಿದ್ದರು.

ಪೂಜೆಯ ಲಿಂಗದ ಮುಂದೆ ಮಾವನ ಹಾಳೆ ಇತ್ತು. ಹೊದಿಕೆ ಪಕ್ಕದಲ್ಲಿ ಬಿದ್ದಿತ್ತು. ಹಾಳೆಯ ನಾಲ್ಕು ಮೂಲೆಗೂ ಹೆಬ್ಬೆರಳಗಲದ ಹಸಿ ಅರಿಶಿನ, ಅರಿಶಿನದ ನಡುವೆ ಕುಂಕುಮದ ಬೊಟ್ಟು. ಲಗ್ನಪತ್ರಿಕೆಗೆ ಹಚ್ಚುತ್ತೇವಲ್ಲ, ಥೇಟ್ ಹಾಗೆ.



"ಯಾಕೇ ಹಂಗೆ ನಿಂತ್ಕಂಡೆ? ಬಾ, ಮಂಗಳಾರತಿ ತಗಾ" ಎಂದರು.

"ಏನ್ರೀ ಮಾಡಿದ್ರಿ ಇದು!"

"ಶುಕ್ರವಾರ. ಹೊಸಾ ವಸ್ತು. ಪೂಜೆ ಮಾಡ್ದೆ ಹಂಗೇ ಕೊಡಾಕಾಯ್ತದಾ ಮಾವಂಗೆ? ಒಂದೇ ಐತೆ ಅಂತ ಬೇರೆ ಅಂದ್ರು. ಪ್ಲಾಸ್ಟಿಕ್ ಮೇಲೆ ಹಚ್ಚಿದ್ರೆ ನಿಲ್ನೇ ಇಲ್ಲ ಕಣೇ, ಅದ್ಕೇ ಆಚೆ ತೆಗ್ದೆ."

ಹೊಸ ತಕ್ಕಡಿ ಬಂದರೆ ಅದಕ್ಕೆ, ಹೊಸ ಬೈಕು ಬಂದರೆ ಅದಕ್ಕೆ, ದೀಪಾವಳಿಯಲ್ಲಿ ಅಂಗಡಿಯ ಹೊಸ ಪುಸ್ತಕಕ್ಕೆ, ಅವರ ಕೈಯೇ ಹಚ್ಚಿ ಹಚ್ಚಿ ಪಳಗಿದೆ. ಕೈತಪ್ಪಿ ಬಿದ್ದ ಕಲೆಯಾದರೆ ಬೈಯಬಹುದು. ಇದು ಮೂಲೆ ನೋಡಿ, ಅಳತೆ ನೋಡಿ, ಪ್ರೀತಿಯಿಂದ ಹಚ್ಚಿದ್ದು.

"ಕಲೆ ಆಗಬಾರ್ದು ಅಂದಿರಲಿಲ್ವಾ ಮಾವ?"

"ಕಲೆ ಎಲ್ಲೈತೆ? ಇದು ಅರಿಶಿನ ಅಲ್ವಾ?" ಎಂದರು. ಹೇಳುತ್ತ ಹೇಳುತ್ತಲೇ ಅವರಿಗೂ ತಿಳಿಯಿತು. ಪಂಚೆಯ ತುದಿಯಿಂದ ಒಂದು ಮೂಲೆ ಒರೆಸಲು ಹೋದರು. ಹಳದಿ ಇನ್ನಷ್ಟು ಒಳಕ್ಕೆ ಹರಡಿ ನಿಲ್ದಾಣದ ಮಾಡಿಗೆ ತಾಗಿತು. ನಾನು ಕೈ ಹಿಡಿದು ನಿಲ್ಲಿಸಿದೆ. ಆರತಿಯ ಬತ್ತಿ ತನ್ನ ಪಾಡಿಗೆ ತಾನು ಉರಿದು ಆರಿತು. ಎಲ್ಲಿ ಹೊಗೆಗೆ ಹೋಟೆಲ್ಲಿನ ಎಚ್ಚರಿಕೆ ಗಂಟೆ ಹೊಡೆದುಕೊಳ್ಳುತ್ತದೋ ಎಂಬ ಭಯವೂ ಆವತ್ತು ನಮಗೆ ಆಗಲಿಲ್ಲ.

ಮುಚ್ಚಿದ ಬಾಗಿಲು

ಆ ದಿನ ಗುಂಪಿನ ಜೊತೆ ಬೆಟ್ಟದ ಮೇಲಿನ ದೊಡ್ಡ ಬುದ್ಧನನ್ನು ನೋಡಿದೆವು. ಎಲ್ಲರೂ ಫೋಟೋ ತೆಗೆಸಿಕೊಂಡರು. ನಮ್ಮ ಫೋಟೋದಲ್ಲಿ ಇವರು ಬುದ್ಧನಿಗೆ ಬೆನ್ನು ಹಾಕಿ ಎತ್ತಲೋ ನೋಡುತ್ತಿದ್ದಾರೆ. ಹಡಗಿನಲ್ಲಿ ದಾಟಿದೆವು, ಎರಡು ಮಹಡಿಯ ಟ್ರಾಮು ಹತ್ತಿದೆವು. ಯಾವುದೂ ಮನಸ್ಸಿಗೆ ಇಳಿಯಲಿಲ್ಲ.

ಅಲ್ಲಿನವರದು ಒಂದು ನಡವಳಿಕೆ ನನಗೆ ಬಹಳ ಹಿಡಿಸಿತು. ಓಡುವ ಮೆಟ್ಟಿಲಿನ ಮೇಲೆ ನಿಲ್ಲುವವರೆಲ್ಲ ಒಂದು ಪಕ್ಕಕ್ಕೆ ಸರಿದು ನಿಲ್ಲುತ್ತಾರೆ, ಅವಸರವಿದ್ದವರಿಗೆ ಇನ್ನೊಂದು ಪಕ್ಕ ಖಾಲಿ. ನಾವು ಗೊತ್ತಿಲ್ಲದೆ ಅಡ್ಡ ನಿಂತರೆ ಹಿಂದಿನವರು ಬೈಯುವುದಿಲ್ಲ, ಕೆಮ್ಮುವುದಿಲ್ಲ, ಸುಮ್ಮನೆ ಕಾಯುತ್ತಾರೆ. ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಬೇಲೂರು ಬಸ್ಸಿನ ಬಾಗಿಲಿಗೆ ನುಗ್ಗುವ ನಮ್ಮನ್ನು ನೆನೆದು ನಾಚಿಕೆಯಾಯಿತು. ಹೇಳೋಣವೆಂದು ಇವರ ಕಡೆ ತಿರುಗಿದೆ. "ಮಾವಂಗೆ ಏನಂತ ಹೇಳಾದು?" ಎಂದರು ಇವರು.

ಸಂಜೆ ವಿನ್ನಿಯ ಹತ್ತಿರ ವಿಷಯ ಬಿಚ್ಚಿದೆವು. ಅವಳು ಹಾಳೆ ನೋಡಿ ಗಾಬರಿಯಾದಳು, ಆಮೇಲೆ ನಗು ತಡೆದುಕೊಂಡಳು, ಆಮೇಲೆ ನಮ್ಮ ಮುಖ ನೋಡಿ ಅದನ್ನೂ ನಿಲ್ಲಿಸಿದಳು. ಮತ್ತೆ ಆ ಮಾಳಿಗೆಗೆ ಹೋದೆವು. ಮುದುಕರ ಅಂಗಡಿ ಮುಚ್ಚಿತ್ತು. ಅಕ್ಕಪಕ್ಕದವರ ಬಳಿ ಆ ಹಾಳೆ ಇರಲಿಲ್ಲ. ನಾಳೆ ಹೊತ್ತೇರಿದ ಮೇಲೆ ಅವರು ಬರುತ್ತಾರೆ, ಒಳಗಿನ ಪೆಟ್ಟಿಗೆಗಳಲ್ಲಿ ಹುಡುಕಿದರೆ ಇನ್ನೊಂದು ಸಿಕ್ಕರೂ ಸಿಗಬಹುದು ಎಂದರು.

ನಾಳೆ ನಾವು ಹೊರಡುವ ದಿನ.

ಹೊರಡುವ ದಿನ

ಅಂಗಡಿಗೆ ಹೋದರೆ ಊರಿನ ಆಚೆ ತುದಿಯ ಸ್ಟೇಷನ್ನಿಗೆ ಹೋಗಿ ರೈಲು ಹತ್ತಲು ಹೊತ್ತು ಸಾಲದು. ಬೇಗ ಹೊರಟು ರೈಲಿಗೆ ಹೋದರೆ ಅಂಗಡಿ ಇನ್ನೂ ತೆರೆದಿರುವುದಿಲ್ಲ. ಬೆಳಿಗ್ಗೆ ಪೆಟ್ಟಿಗೆ ಕಟ್ಟಿಟ್ಟು ಮಂಚದ ಮೇಲೆ ಕೂತು ಇದನ್ನೇ ಹಿಂದೆ ಮುಂದೆ ಆಡಿದೆವು.

"ರೈಲು ಬಿಡು. ಹಾಳೆ ಮುಖ್ಯ" ಎಂದರು ಇವರು.

"ಮಾವ ಎರಡೂ ಕೇಳಿದ್ದಾರೆ. ಸಿಗುತ್ತೋ ಇಲ್ವೋ ಅನ್ನೋ ಹಾಳೆಗೆ ಸಿಗೋ ರೈಲನ್ನ ಯಾಕ್ರೀ ಬಿಡೋದು?"

"ರೈಲಲ್ಲಿ ಕೂತು ನಾನೇನು ನೋಡ್ಲೇ? ಮಾವನ ಮುಖವೇ ಕಾಣ್ತದೆ ಕಿಟಕೀಲಿ."

ಈ ಮಾತಿಗೆ ನಾನು ಸೋತೆ. ಅಂಗಡಿಗೇ ಹೋದೆವು.

ಮುದುಕರು ಹಾಳೆಯನ್ನು ದೀಪದ ಕೆಳಗೆ ಹಿಡಿದರು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನಾಲ್ಕೂ ಮೂಲೆ ನೋಡಿದರು. ಮೂಗಿನ ಹತ್ತಿರ ತಂದು ಮೂಸಿದರು.

"ಕರ್ರಿ?" ಎಂದರು.

ಸಾರು ಚೆಲ್ಲಿದ್ದೀರಾ ಎಂದು ಕೇಳಿದ್ದು. ಇವರಿಗೆ ಅವಮಾನವಾಯಿತು. ಅಲ್ಲ ಅಲ್ಲ ಎಂದು ಎರಡೂ ಕೈ ಆಡಿಸಿ, ನನ್ನ ಹಣೆ ತೋರಿಸಿದರು, ಕೆನ್ನೆ ತೋರಿಸಿದರು, ಕೊನೆಗೆ ನೆಲದ ಮೇಲಿದ್ದ ಕೆಂಪು ಗೂಡಿನ ಮುಂದೆ ಮಂಡಿಯೂರಿ ಕೈಮುಗಿದು ಹಾಳೆಯ ಕಡೆ ಬೆರಳು ಮಾಡಿದರು. ಮುದುಕರು ಗೂಡನ್ನು ನೋಡಿದರು, ಹಾಳೆಯನ್ನು ನೋಡಿದರು, ಇವರನ್ನು ನೋಡಿದರು. ಆ ಎಂದು ಉದ್ದವಾಗಿ ಉಸಿರುಬಿಟ್ಟರು. ಅವರಿಗೆ ಅರ್ಥವಾಗಿತ್ತು. ನನ್ನ ಕಣ್ಣು ಒದ್ದೆಯಾದದ್ದು ಅಲ್ಲೇ.

ಆಮೇಲೆ ಅವರು ಹುಡುಕಿದ ಹಾಗೆ ಯಾರೂ ಹುಡುಕಲಾರರು. ಅಟ್ಟದ ಮೇಲಿನ ಪೆಟ್ಟಿಗೆಗಳನ್ನು ಇಳಿಸಿದರು, ಬಿಸ್ಕತ್ತಿನ ಡಬ್ಬಿಗಳನ್ನು ಸುರಿದರು. ಅದೇ ಸಾಲಿನ ಬಿಡಿ ಚೀಟಿಗಳು ಒಂದೆರಡು ಸಿಕ್ಕವು, ವಿಮಾನದ್ದು, ಮಾಡಿನದ್ದು. ರೈಲಿನದು ಮಾತ್ರ ಸಿಗಲಿಲ್ಲ. ತೊಳೆದರೆ ಹೋಗುತ್ತದೆಯೇ ಎಂದು ಕೈಸನ್ನೆಯಲ್ಲಿ ಕೇಳಿದೆ. ಬೇಡ ಎಂದು ತಲೆಯಾಡಿಸಿದರು. ತೊಳೆದರೆ ಹಿಂದಿನ ಗೋಂದು ಹೋಗುತ್ತದೆ, ಹಳದಿ ಉಳಿಯುತ್ತದೆ. ಹೊಸ ಹೊದಿಕೆಯೊಂದನ್ನು ತೆಗೆದು ಹಾಳೆಯನ್ನು ಮೊದಲ ದಿನದಷ್ಟೇ ಜೋಪಾನವಾಗಿ ಅದರೊಳಗಿಟ್ಟು, ಎರಡೂ ಕೈಯಲ್ಲಿ ಕೊಟ್ಟು ತಲೆ ಬಾಗಿಸಿದರು. ಇವರು ಅವರಿಗಿಂತ ಕೆಳಗೆ ಬಾಗಿದರು.

ಓಡಿ ಹೋಟೆಲ್ ತಲುಪಿದಾಗ ಎಲ್ಲರೂ ಬಸ್ಸಿನಲ್ಲಿ ಕೂತಿದ್ದರು. ನಮ್ಮ ಪೆಟ್ಟಿಗೆಗಳನ್ನು ವಿನ್ನಿಯೇ ಹತ್ತಿಸಿದ್ದಳು. ನಮ್ಮ ಮುಖ ನೋಡಿ ಹಳದಿ ಕೊಡೆ ಮಡಚಿಕೊಂಡಳು.

ಊರು ದಾಟಿ ಸಮುದ್ರದ ಪಕ್ಕದ ರಸ್ತೆಗೆ ಬಂದ ಮೇಲೆ, ನಮ್ಮ ಬಸ್ಸಿಗೆ ಜೊತೆಯಾಗಿ ಆ ರೈಲು ಬಂತು. ಬೇಲಿಯಾಚೆ, ಕೂಗಿದರೆ ಕೇಳುವಷ್ಟು ಹತ್ತಿರ. ಚೀಟಿಯಲ್ಲಿ ಅಕ್ಕಿಕಾಳಿನಂತಿದ್ದ ಕಿಟಕಿಗಳು ಒಂದರ ಹಿಂದೆ ಒಂದು ಸರಿದವು. ಒಂದು ಕಿಟಕಿಯಲ್ಲಿ ಹೆಂಗಸೊಬ್ಬಳು ಹಣೆಯನ್ನು ಗಾಜಿಗೆ ಒತ್ತಿ ಕೂತಿದ್ದಳು. ನಾನು ಕೂರಬೇಕಾಗಿದ್ದ ಜಾಗ ಎನ್ನಿಸಿತು. ಇವರ ತೋಳು ಮುಟ್ಟಿದೆ. ಅವರು ತಿರುಗುವಷ್ಟರಲ್ಲಿ ಬರೀ ಹಳಿ ಇತ್ತು.

ಬ್ರಿಜ್ಜಿನ ಮೇಲೆ ಅದು ಹೇಗೆ ಸದ್ದು ಮಾಡುತ್ತದೆ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಬೇಲೂರು

ಜಾವಗಲ್ ದಾಟಿ, ಹಳೇಬೀಡಿನ ಕೆರೆ ಏರಿ ದಾಟಿ, ಬಸ್ಸು ಬೇಲೂರಿಗೆ ಹತ್ತಿರವಾದಷ್ಟೂ ಇವರು ಸೀಟಿನೊಳಗೆ ಕುಗ್ಗುತ್ತಿದ್ದರು. ಹೊದಿಕೆಯ ಲಕೋಟೆ ನನ್ನ ಮಡಿಲಲ್ಲಿತ್ತು.

"ನೀನೇ ಕೊಡು ಕಣೇ."

"ಪೂಜೆ ಮಾಡಿದೋರು ನೀವು. ನೀವೇ ಕೊಡಿ."

ಮಾವ ನಡುಮನೆಯಲ್ಲಿ ಮೇಜಿಗೆ ಬಿಳಿ ಬಟ್ಟೆ ಹಾಸಿ ಕಾಯುತ್ತಿದ್ದರು. ಒಗೆದ ಅಂಗಿ, ಬಾಚಿದ ತಲೆ. ಚೌಕಟ್ಟನ್ನು ಗೋಡೆಗೆ ಒರಗಿಸಿದ್ದರು. ಸುತ್ತ ನಾನಾ ದೇಶದ ರೈಲುಗಳು, ನಡುವೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದ ಖಾಲಿ ಜಾಗ. ರುದ್ರಮ್ಮತ್ತೆ ಕಾಫಿಗೆ ಮೊದಲು ನನಗೆ ಅರಿಶಿನ ಕುಂಕುಮ ಕೊಡಲು ಬಟ್ಟಲು ಹಿಡಿದು ಬಂದರು. ಅದನ್ನು ಕಂಡು ಇವರು ಮುಖ ತಿರುಗಿಸಿದರು.

ಮಾವ ಲಕೋಟೆಯಿಂದ ಹಾಳೆಯನ್ನು ಹೊರಗೆಳೆದರು. ಭೂತಗನ್ನಡಿ ಕೈಗೆತ್ತಿಕೊಂಡವರು ಅದನ್ನು ಕೆಳಗಿಟ್ಟರು. ಬರಿಗಣ್ಣಿಗೇ ಕಾಣುತ್ತಿತ್ತು.

"ಯಾರು ಹಚ್ಚಿದ್ದು?"

"ನಾನೇ ಮಾವ. ಶುಕ್ರವಾರ ಆಗಿತ್ತು..." ಎಂದರು ಇವರು.

ಅತ್ತೆ ಬಗ್ಗಿ ನೋಡಿ, "ಎಷ್ಟು ಲಕ್ಷಣವಾಗಿ ಹಚ್ಚಿದ್ದೀಯಪ್ಪಾ" ಎಂದುಬಿಟ್ಟರು. ಯಾರೂ ನಗದಿದ್ದುದನ್ನು ಕಂಡು ಬಟ್ಟಲು ಹಿಡಿದು ಹಿಂದೆ ಸರಿದರು.

"ಹೋಗ್ಲಿ. ರೈಲು ಹೆಂಗಿತ್ತು ಪುಟ್ಟಿ?"

ಇವರು ಬಾಯಿ ತೆರೆದರು. ವ್ಯಾಪಾರದವರು, ಏನಾದರೂ ಹೇಳಿಬಿಡುತ್ತಿದ್ದರೋ ಏನೋ. ಆದರೆ ಜೀವನವೆಲ್ಲ ಕಂಡದ್ದನ್ನು ವರ್ಣಿಸಿಯೇ ಅನ್ನ ತಿಂದ ಮನುಷ್ಯನ ಮುಂದೆ ಕಾಣದ್ದನ್ನು ಕಂಡೆವೆಂದು ಹೇಳುವುದು ಹೇಗೆ? ಹತ್ತಲಿಲ್ಲ ಮಾವ, ಇನ್ನೊಂದು ಹಾಳೆ ಹುಡುಕುವುದರಲ್ಲಿ ಹೊತ್ತು ಹೋಯಿತು, ಬಸ್ಸಿನಿಂದ ನೋಡಿದೆ ಅಷ್ಟೆ ಎಂದೆ. ಗಾಜಿಗೆ ಹಣೆಯೊತ್ತಿದ್ದ ಹೆಂಗಸಿನ ವಿಷಯ ಹೇಳಿದೆ. ನನ್ನ ಹತ್ತಿರ ಇದ್ದದ್ದು ಅದೊಂದೇ.

ಅವರು ಅದನ್ನು ಕಣ್ಣುಮುಚ್ಚಿ ಕೇಳಿದರು. ಕೊನೆಗೆ ಒಂದು ನಗು ಬಂತು, ಬಾಯಿಯವರೆಗೆ ಮಾತ್ರ.

"ಅಂತೂ ನನ್ ಹರಕೆಗೆ ನೀವಿಬ್ರೂ ಸೇರ್ಕಂಡ್ರಿ."

"ಮಾವ, ಇನ್ನೊಂದ್ಸಲ ಹೋಯ್ತೀನಿ. ಎಲ್ಲಿದ್ರೂ ಹುಡುಕಿ ತತ್ತೀನಿ" ಎಂದರು ಇವರು.

"ಬ್ಯಾಡಪ್ಪಾ. ಅದಕ್ಕೂ ಪೂಜೆ ಮಾಡ್ತೀಯ."

ಹಾಗಾದರೆ ನಡುವಿನ ಜಾಗ ಖಾಲಿ ಬಿಟ್ಟೇ ಹಾಸನಕ್ಕೆ ಕಳಿಸಬಾರದೇ ಎಂದು ನಾನು ಕೇಳಿದೆ. ಮಾವ ಚೌಕಟ್ಟಿನ ಕಡೆ ನೋಡಿದರು.

"ಅರ್ಧಕ್ಕೆ ನಿಂತ ಗುಡೀನೂ ಜನ ಬಂದು ನೋಡೋಕೆ ಇದೇನು ಹಳೇಬೀಡಾ ಪುಟ್ಟಿ?"

ಚೌಕಟ್ಟು ಹಾಸನಕ್ಕೆ ಹೋಗಲಿಲ್ಲ. ಅದನ್ನು ಅವರೇ ಎತ್ತಿ, ಮುಖ ಗೋಡೆಯ ಕಡೆ ತಿರುಗಿಸಿ ಇಟ್ಟರು. ಹಾಳೆಯನ್ನು ಮಾತ್ರ ಕೈಯಲ್ಲೇ ಹಿಡಿದುಕೊಂಡು ಹಿತ್ತಿಲ ಬಾಗಿಲಿಗೆ ಹೋಗಿ ನಿಂತರು. ಬೇಲಿಯ ಪಕ್ಕ ಅಳತೆಯ ಕಲ್ಲು ಕಾಣುತ್ತಿತ್ತು. ಅಮಾವಾಸ್ಯೆಯೆಂದು ಬೆಳಿಗ್ಗೆಯೇ ಅತ್ತೆ ಹಚ್ಚಿದ್ದ ಅರಿಶಿನ ಬಿಸಿಲಿಗೆ ಒಣಗಿ ಬಿರಿದಿತ್ತು. ಅಷ್ಟು ವರ್ಷ ಅದಕ್ಕಾಗಿ ರೇಗಿದ ಮನುಷ್ಯ ಆವತ್ತು ರೇಗಲಿಲ್ಲ. ಹಾಳೆಯನ್ನು ಅತ್ತೆಯ ಕೈಗೆ ಕೊಟ್ಟರು.

"ದೇವರ ಗೂಡಲ್ಲಿಡು."

ಆಮೇಲೆ ಇವರ ಹೆಗಲ ಮೇಲೆ ಕೈಹಾಕಿ, "ಕಲ್ಲಿಗೆ ಇವ್ಳು ಹಚ್ಚಾಯ್ತು. ಚೀಟಿಗೆ ನೀನು ಹಚ್ಚಾಯ್ತು. ಇನ್ನು ರೈಲಿಗೆ ಹಚ್ಚೋದೊಂದು ಬಾಕಿ ನೋಡು ಶಂಕ್ರಪ್ಪ" ಎಂದರು.

ನಗಬೇಕೋ ಬೇಡವೋ ತಿಳಿಯದೆ ಇವರು ನನ್ನ ಮುಖ ನೋಡಿದರು. ರುದ್ರಮ್ಮತ್ತೆ ಮಾತ್ರ, ಅದೂ ಆಗಲೇಬೇಕಾದ ಕೆಲಸ ಎಂಬಂತೆ, ಬಟ್ಟಲಿನಲ್ಲಿ ಉಳಿದಿದ್ದ ಅರಿಶಿನವನ್ನು ಚೆಲ್ಲದೆ ಮುಚ್ಚಿಟ್ಟರು.